ಅತ್ತೆಯ ಕಂಪ್ಯೂಟರ್, ಅಳಿಯನ ಪರದೆ

ಆಫೀಸಿನಲ್ಲಿ ಎಲ್ಲರ ಮೇಜಿನ ಮೇಲೂ ಎರಡೆರಡು ಪರದೆ, ಮನೆಯಿಂದ ಕೆಲಸ ಮಾಡುವ ತನಗೆ ಮಾತ್ರ ಅಂಗೈಯಗಲದ ಲ್ಯಾಪ್‌ಟಾಪು ಎಂದು ಅಳಿಯನಿಗೆ ಆರು ತಿಂಗಳಿಂದ ಹೊಟ್ಟೆಯುರಿ. ಕಡೆಗೆ ಅವನ ಕಣ್ಣು ಬಿದ್ದದ್ದು ಅತ್ತೆಯ ಹಳೆಯ ಕಂಪ್ಯೂಟರಿನ ಮೇಲೆ. ಪರದೆಯ ಬೆನ್ನಿನೊಳಗೇ ಎಲ್ಲವನ್ನೂ ತುಂಬಿಕೊಂಡ, ಒಂದೇ ತುಂಡಿನ ಡೆಸ್ಕ್‌ಟಾಪ್ ಅದು. ಶುರುವಾಗಲು ಹತ್ತು ನಿಮಿಷ ತಿನ್ನುತ್ತಿತ್ತು, ಆದರೆ ಪರದೆ ಮಾತ್ರ ಹೊಚ್ಚ ಹೊಸದರಂತಿತ್ತು.

"ಒಳಗಿರೋದೆಲ್ಲ ಗುಜರಿ ಅತ್ತೆ. ಅದನ್ನ ಕಿತ್ತು ಒಂದು ಸಣ್ಣ ಬೋರ್ಡ್ ಕೂರಿಸಿದ್ರೆ ನನ್ನ ಲ್ಯಾಪ್‌ಟಾಪಿಗೆ ಎರಡನೇ ಪರದೆ ಆಗತ್ತೆ," ಎಂದ.

ಅತ್ತೆಗೆ ಮನಸ್ಸಿರಲಿಲ್ಲ. ಆ ಕಂಪ್ಯೂಟರಿನಲ್ಲಿ ಅವಳ ಹನ್ನೊಂದು ವರ್ಷದ ಕಸೂತಿ ನಕ್ಷೆಗಳಿದ್ದವು. ಚೌಕಕ್ಕೆ ಚೌಕ ಬಣ್ಣ ತುಂಬಿ ಮೌಸಿನಲ್ಲೇ ಬಿಡಿಸಿದ ಮುನ್ನೂರ ಹನ್ನೆರಡು ನಕ್ಷೆಗಳು. ಕಾಗದದ ಮೇಲೆ ಒಂದೂ ಇಲ್ಲ. ಅವನ್ನು ಪುಸ್ತಕ ಮಾಡೋಣ ಎಂದು ಪ್ರಕಾಶಕಿಯೊಬ್ಬಳು ಒಪ್ಪಿ, ಬುಧವಾರ ನೋಡಲು ಬರುವವಳಿದ್ದಳು. ಅತ್ತೆಯ ಕಣ್ಣು ಈಗ ಮಂಜು, ಇನ್ನೊಮ್ಮೆ ಬಿಡಿಸುವ ಮಾತೇ ಇರಲಿಲ್ಲ. ಆದರೆ ಇರುವುದು ಮಗಳ ಮನೆಯಲ್ಲಿ, ಇಲ್ಲ ಎನ್ನಲು ಬಾಯಿ ಬರಬೇಕಲ್ಲ!

"ನಕ್ಷೆಗಳನ್ನ ಪೆನ್‌ಡ್ರೈವಿಗೆ ಹಾಕ್ಕೊಂಡ್ಬಿಡಿ, ಅಷ್ಟೇ," ಎಂದು ಅಳಿಯ ಹೇಳಿದ ಮೇಲೆ ಅತ್ತೆ ಒಂದು ವಾರ ಭೂತಗನ್ನಡಿ ಹಿಡಿದು ಕೂತಳು. ಪರದೆಯ ಮೇಲಿದ್ದ ಒಂದೊಂದು ಚಿತ್ರವನ್ನೂ ಎಳೆದು ಪೆನ್‌ಡ್ರೈವಿಗೆ ಹಾಕಿದಳು. ಅಷ್ಟಕ್ಕೇ ನಂಬುವ ಹೆಂಗಸಲ್ಲ ಅವಳು. ಪೆನ್‌ಡ್ರೈವಿನಿಂದಲೇ ಒಂದೊಂದನ್ನೂ ತೆರೆದು ನೋಡಿದಳು. ಎಲ್ಲವೂ ತೆರೆದುಕೊಂಡವು.

ಭಾನುವಾರ ಮಧ್ಯಾಹ್ನ ಅಳಿಯ ಸ್ಕ್ರೂಡ್ರೈವರ್ ಹಿಡಿದು ಕೂತ. ಪಕ್ಕದ ಕೋಣೆಯಲ್ಲಿ ಅತ್ತೆ ಫೋನಿನಲ್ಲಿ ಪ್ರಕಾಶಕಿಯ ಜೊತೆ ನಗುತ್ತಿದ್ದಳು.

"ನಮ್ಮ ಅಳಿಯಂದ್ರು ರಿಪೇರಿಲಿ ಎತ್ತಿದ ಕೈ! ಮಿಕ್ಸರ್ ಬಿಚ್ಚಿ ಮೂರು ವರ್ಷ ಆಯ್ತು ನೋಡಿ, ಅದರ ಮೂಳೆಗಳು ಇನ್ನೂ ಡಬ್ಬದಲ್ಲೇ ಇವೆ!"

ಅಳಿಯನಿಗೆ ಮೈಯೆಲ್ಲ ಉರಿದುಹೋಯಿತು. ಈ ಮಿಕ್ಸರಿನ ಕಥೆಯನ್ನು ಅವಳು ಹೇಳದ ನೆಂಟರಿಲ್ಲ, ಹೇಳದ ನೆರೆಯವರಿಲ್ಲ. ಪ್ರತಿ ಸಲವೂ ಅವನು ಹಲ್ಲು ಕಿರಿದು ನಕ್ಕು ಸುಮ್ಮನಾಗಬೇಕು.

ಬಿಚ್ಚುವ ಮೊದಲು ಒಮ್ಮೆ ನೋಡೋಣ ಎಂದು ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಚುಚ್ಚಿದ. ಮುನ್ನೂರ ಹನ್ನೆರಡು ಚಿತ್ರಗಳು, ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ಬಾಣ. ಅಳಿಯನಿಗೆ ತಕ್ಷಣ ಅರ್ಥವಾಯಿತು. ಇವು ನಕ್ಷೆಗಳೇ ಅಲ್ಲ. ಹೆಂಡತಿ ಹುಡುಕಿ ಒದ್ದಾಡದಿರಲಿ ಎಂದು ತೀರಿಹೋದ ಮಾವ ಪರದೆಯ ಮೇಲೆ ಮಾಡಿಟ್ಟಿದ್ದ ದಾರಿ ತೋರುವ ಗುರುತುಗಳು, ಬರೀ ವಿಳಾಸಗಳು. ನಿಜವಾದ ನಕ್ಷೆಗಳು ಹಳೆಯ ಕಂಪ್ಯೂಟರಿನ ಡಿಸ್ಕಿನಲ್ಲೇ ಇದ್ದವು. ಅತ್ತೆ ಪರೀಕ್ಷೆ ಮಾಡಿದ್ದೂ ಅದೇ ಕಂಪ್ಯೂಟರಿನಲ್ಲಿ, ತೆರೆಯದೆ ಏನು ಮಾಡ್ತಾವೆ!

ಇನ್ನೂ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಅವನ್ನು ಪೆನ್‌ಡ್ರೈವಿಗೆ ತುಂಬುವುದು ಒಂದು ಗಂಟೆಯ ಕೆಲಸ. ಅತ್ತೆಯನ್ನು ಕೂಗಿ ಹೇಳಿದ್ದರೆ ಸಾಕಿತ್ತು. ಅಯ್ಯೋ, ಕೂಗಬಾರದಿತ್ತೇ ಮಹಾರಾಯ!

ಅತ್ತೆಯೇ ಬಾಗಿಲಿಗೆ ಬಂದು ನಿಂತಳು. ಮುಖದಲ್ಲಿ ಇನ್ನೂ ಆ ನಗು.

"ಎಲ್ಲಾ ಬಂದಿದೆಯಾ ಅಳಿಯಂದ್ರೇ? ಎಣಿಸಿದ್ರಾ?"

"ಮುನ್ನೂರ ಹನ್ನೆರಡು ಅತ್ತೆ. ಒಂದೂ ಬಿಟ್ಟಿಲ್ಲ," ಎಂದ ಅಳಿಯ.

ಹಿಂಬದಿ ಬಿಚ್ಚಿದ. ಧೂಳು ಒರೆಸಿದ. ಬೋರ್ಡು, ಫ್ಯಾನು, ಡಿಸ್ಕು ಎಲ್ಲ ಕಿತ್ತು ಪುಟ್ಟ ಬೋರ್ಡ್ ಕೂರಿಸಿದ. ಹಳೆಯ ಡಿಸ್ಕನ್ನು ಹಾಗೇ ಎಸೆಯಬೇಡಿ, ಕಳ್ಳರು ಮಾಹಿತಿ ತೆಗೆಯುತ್ತಾರೆ ಎಂದು ವಿಡಿಯೋದಲ್ಲಿ ಹೇಳಿದ್ದರಲ್ಲ, ಬಾಲ್ಕನಿಗೆ ಒಯ್ದು ಡ್ರಿಲ್ಲಿನಿಂದ ಮೂರು ತೂತು ಹೊಡೆದ. ಸಂಜೆ ಪರದೆ ಹೊತ್ತಿಕೊಂಡಾಗ ಅತ್ತೆಯೇ ಮೊದಲು ಚಪ್ಪಾಳೆ ತಟ್ಟಿದಳು.

ಬುಧವಾರ ಪ್ರಕಾಶಕಿ ಬಂದಳು. ದೊಡ್ಡದಾಗಿ ಕಾಣಲಿ ಎಂದು ಅಳಿಯನೇ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಹೊಸ ಪರದೆಗೆ ಹಾಕಿಕೊಟ್ಟ. ಅತ್ತೆ ಮೊದಲನೆಯದನ್ನು ಒತ್ತಿದಳು. ಫೈಲ್ ಸಿಗುತ್ತಿಲ್ಲ ಎಂದು ಬಂತು. ಎರಡನೆಯದೂ ಹಾಗೆ, ಹತ್ತನೆಯದೂ ಹಾಗೆ. ನಲವತ್ತರವರೆಗೂ ಅವಳು ಬಿಡದೆ ಒತ್ತುತ್ತಲೇ ಇದ್ದಳು. ಪ್ರಕಾಶಕಿ ಗಡಿಯಾರ ನೋಡಿ, ಸಿಕ್ಕಾಗ ಫೋನ್ ಮಾಡಿ ಎಂದು ಎದ್ದಳು.

"ಒಳಗಿದ್ದ ಡಿಸ್ಕ್ ಎಲ್ರೀ?" ಎಂದಳು ಮಗಳು.

"ತೂತು ಹಾಕಿ ಎಸೆದೆ. ಎಲ್ಲಾ ತಗೊಂಡಿದ್ದೀನಿ ಅಂತ ಅತ್ತೆನೇ ಹೇಳಿದ್ರಲ್ಲ," ಎಂದ ಅಳಿಯ. ಬಾಣ ಅಂದರೇನು, ನಕ್ಷೆ ಅಂದರೇನು ಎಂದು ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ, ಮೃದುವಾಗಿ ಬಿಡಿಸಿ ಹೇಳಿದ.

"ಅಮ್ಮ, ನಿನಗೆ ಗೊತ್ತಾಗಲ್ಲ ಅಂದ್ರೆ ಅವರನ್ನ ಕೇಳೋಕೆ ಏನಾಗಿತ್ತು?" ಎಂದು ಮಗಳು ರೇಗಿದಳು.

ಅತ್ತೆ ಮೌಸನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅಳಿಯನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ನಿಮ್ಮದೇನೂ ತಪ್ಪಿಲ್ಲ ಅಳಿಯಂದ್ರೇ. ಪಾಪ, ಎಣಿಸಿ ಕೂಡ ಹೇಳಿದ್ರಿ. ನಾನೇ ದಡ್ಡಿ. ಇನ್ನು ಮೇಲೆ ನಿಮ್ಮ ವಿಷಯದಲ್ಲಿ ತಮಾಷೆ ಮಾಡಲ್ಲ, ನನ್ನ ಕ್ಷಮಿಸಿಬಿಡಿ."

"ಪರವಾಗಿಲ್ಲ ಬಿಡಿ ಅತ್ತೆ, ವಯಸ್ಸಾದ್ಮೇಲೆ ಇವೆಲ್ಲ ಆಗತ್ತೆ," ಎಂದು ಅಳಿಯ ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸಿಬಿಟ್ಟ.