ಬ್ರೇಕ್ ಮೇಲಿಟ್ಟ ಕಾಲು

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಆ ದಿನ ಬಂದ ಮೊದಲ ರೋಗಿ ಅವಳ ಸ್ವಂತ ಅಣ್ಣ. ತಾಯಿ ತೀರಿಕೊಂಡಾಗಿನಿಂದ ಇಬ್ಬರ ನಡುವೆ ಮಾತಿರಲಿಲ್ಲ. ತಾಯಿಯ ಕೊನೆಯ ವಾರ ಅವಳೊಬ್ಬಳೇ ಹಾಸಿಗೆಯ ಪಕ್ಕ ಕೂತಿದ್ದಳು. ಬಸ್ ಓಡಿಸುವ ಅಣ್ಣ ಅದೇ ಊರಲ್ಲಿದ್ದೂ ಆ ಕಡೆ ತಲೆ ಹಾಕಲಿಲ್ಲ. ಅಂತ್ಯಕ್ರಿಯೆಯ ದಿನ ಅವಳು ಎಲ್ಲರೆದುರು ಬಾಯಿಗೆ ಬಂದಂತೆ ಬೈದಿದ್ದಳು. ಅವನು ತುಟಿ ಪಿಟಕ್ಕೆನ್ನದೆ ಹೊರಟುಹೋಗಿದ್ದ.

ಈಗ ಮಾತಾಡಬೇಕೆಂದರೂ ಆಗುವಂತಿರಲಿಲ್ಲ. ಅವನ ದವಡೆ ಹಿಡಿದುಕೊಂಡಿತ್ತು.

"ನಿನ್ನೆಯಿಂದ ಬರೀ ಹಾಲು, ನೀರು. ಚಮಚ ಕೂಡ ಒಳಗೆ ಹೋಗಲ್ಲ," ಎಂದಳು ಅತ್ತಿಗೆ. "ಬೇರೆ ಡಾಕ್ಟರ ಹತ್ರ ಹೋಗೋಣ ಅಂತ ಕೈಸನ್ನೆ ಮಾಡಿದ್ರು. ಎದುರು ಮಾತಾಡಕ್ಕೆ ಬಾಯೇ ಇಲ್ವಲ್ಲ, ನಾನೇ ಎಳ್ಕೊಂಡು ಬಂದೆ."

ಡಾಕ್ಟರಮ್ಮ ನಗಲಿಲ್ಲ. ಯಾವ ರೋಗಿಗಾದರೂ ತೋರಿಸುವಂತೆ ಕುರ್ಚಿ ತೋರಿಸಿದಳು. ಎಕ್ಸ್-ರೇಯಲ್ಲಿ ಕೀಲು ಸರಿಯಿತ್ತು. ಬುದ್ಧಿಹಲ್ಲು ತಂಟೆ ಮಾಡಿರಲಿಲ್ಲ, ಬಾವೂ ಇರಲಿಲ್ಲ. ಕೆನ್ನೆಯ ಸ್ನಾಯು ಮಾತ್ರ ಕಲ್ಲಾಗಿತ್ತು. ಬಿಸಿ ಬಟ್ಟೆ ಇಟ್ಟು ನೀವಿದರೂ ದವಡೆ ಜಗ್ಗಲಿಲ್ಲ. ಬೆರಳನ್ನು ಕುತ್ತಿಗೆಗೆ ಇಳಿಸಿದಳು, ಅಲ್ಲೂ ಬಿಗಿ. ಭುಜ ಕಿವಿಯ ಹತ್ತಿರ ಹೋಗಿ ಕೂತಿತ್ತು. ಹಾಗೇ ಕೆಳಗೆ ನೋಡಿದಾಗ ಬಲಗಾಲು ಕಂಡಿತು. ಇಲ್ಲದ ಪೆಡಲನ್ನು ತುಳಿಯುತ್ತಿರುವಂತೆ ಸೆಟೆದು ನಿಂತಿತ್ತು.

"ಅತ್ತಿಗೆ, ಶೂ ಬಿಚ್ಚಿ."

"ಹಲ್ಲಿಗೂ ಶೂಗೂ ಏನಮ್ಮ ಸಂಬಂಧ?" ಎನ್ನುತ್ತಲೇ ಅತ್ತಿಗೆ ಶೂ, ಕಾಲುಚೀಲ ಎರಡೂ ಬಿಚ್ಚಿದಳು. ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಂಡು ಬಿಳಿಚಿದ್ದವು.

"ಒಂದು ಕಡೆ ಬಿಗಿ ಹಿಡಿದ್ರೆ ಇನ್ನೊಂದು ಕಡೆ ಸುಮ್ನಿರಲ್ಲ. ಕಾಲು ತುಳಿದ್ರೆ ಹೊಟ್ಟೆ ಬಿಗಿಯತ್ತೆ, ಉಸಿರು ಕಟ್ಟತ್ತೆ, ಭುಜ ಏರತ್ತೆ, ಹಲ್ಲು ಕಚ್ಕೊಳತ್ತೆ." ಅಣ್ಣನ ಕಡೆ ತಿರುಗಿದಳು. "ದವಡೆ ವಿಷ್ಯ ಬಿಟ್ಬಿಡು. ಬೆರಳು ಸಡಿಲ ಮಾಡು. ಇಲ್ಲಿ ಬಸ್ಸಿಲ್ಲ."

ಅವನಿಂದ ಆಗಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕೂತು ಪಾದವನ್ನು ಅಂಗೈಯಲ್ಲಿ ಹಿಡಿದಳು. "ಭಾರ ನನ್ನ ಕೈ ಮೇಲೆ ಬಿಡು."

ಬಹಳ ಹೊತ್ತಿನ ಮೇಲೆ ಬೆರಳುಗಳು ಬಿಚ್ಚಿಕೊಂಡವು. ಉದ್ದನೆಯ ಉಸಿರೊಂದು ಹೊರಬಂತು, ಭುಜ ಇಳಿಯಿತು. ಹಲ್ಲುಗಳ ನಡುವೆ ಬೆರಳು ತೂರುವಷ್ಟು ಜಾಗವಾಯಿತು.

"ನೀರು," ಎಂದ. ಕುಡಿದ. "ಪುಟ್ಟಿ, ಅಮ್ಮ ಮಲಗಿದ್ದ ವಾರ... ಬಸ್ ಮುಂದೆ ಒಬ್ಳು ಹುಡುಗಿ ಸೈಕಲ್ಲಿಂದ ಬಿದ್ಲು. ಚಕ್ರ ಗೇಣು ದೂರದಲ್ಲಿ ನಿಲ್ತು. ಅವಳು ಎದ್ದು ಧೂಳು ಕೊಡವ್ಕೊಂಡು ಹೋದ್ಲು. ನನಗೆ ಸೀಟಿಂದ ಏಳಕ್ಕಾಗ್ಲಿಲ್ಲ. ವಾರಪೂರ್ತಿ ಮನೆ ಹೊಸ್ತಿಲು ದಾಟಕ್ಕಾಗ್ಲಿಲ್ಲ. ಮತ್ತೆ ಕೆಲಸಕ್ಕೆ ಹೋದೆ. ಆದ್ರೆ ಅವತ್ತಿಂದ ಕಾಲು ಬ್ರೇಕ್ ಬಿಟ್ಟಿಲ್ಲ, ಮಲಗಿದ್ರೂ."

"ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ರು," ಎಂದಳು ಅತ್ತಿಗೆ, ನೆಲ ನೋಡುತ್ತಾ.

"ನನಗಾದ್ರೂ ಹೇಳ್ಬಹುದಿತ್ತು."

"ನೀನು ಕೇಳ್ಲಿಲ್ಲ. ಬೈದೆ."

"ಬೈದೆ. ನೀನು ಬರ್ಲೇ ಇಲ್ವಲ್ಲ, ಅಮ್ಮ ನಿನ್ನ ಕೇಳ್ತಾನೇ ಇದ್ರು."

ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅವನ ಪಾದ ಇನ್ನೂ ತನ್ನ ಕೈಯಲ್ಲೇ ಇರುವುದು ಗಮನಕ್ಕೆ ಬಂತು. ಕೆಳಗಿಡಲಿಲ್ಲ.

ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಒಂದು ಕವಚ ಮಾಡಿಕೊಟ್ಟಳು. ಮನೋವೈದ್ಯರ ಹತ್ತಿರ ತಾನೇ ಕರೆದೊಯ್ದಳು. ಅಣ್ಣ ಡಿಪೋದಲ್ಲಿ ನಿಜ ಹೇಳಿದ ಮೇಲೆ ಅವನನ್ನು ಟಿಕೆಟ್ ಕೌಂಟರಿಗೆ ಹಾಕಿದರು. ದವಡೆ ಸರಿಹೋಗಲು ತಿಂಗಳುಗಳೇ ಹಿಡಿದವು, ಆಕಳಿಸಿದಾಗ ಕಟಕ್ ಎನ್ನುವುದು ಉಳಿದೇಹೋಯಿತು. ಈಚೆಗೆ ಭಾನುವಾರಗಳಂದು ತಂಗಿಯ ಮನೆಗೆ ಬರುತ್ತಾನೆ. ಮಾತು ಇನ್ನೂ ಸಲೀಸಾಗಿಲ್ಲ, ಊಟ ಚೆನ್ನಾಗಿಯೇ ಆಗುತ್ತದೆ.