ಅರ್ಧಕ್ಕೆ ನಿಂತ ಫೈಲು

ಆಯುಧಪೂಜೆಯ ಕುಂಕುಮ ಇನ್ನೂ ಕಂಪ್ಯೂಟರಿನ ಡಬ್ಬದ ಮೇಲಿತ್ತು. ಹಚ್ಚಿದವಳು ನಾನೇ. ಎರಡು ತಿಂಗಳಾದರೂ ಒರೆಸುವ ಧೈರ್ಯ ಬಂದಿರಲಿಲ್ಲ.

ಇದು ಎರಡು ಸಾವಿರದ ನಾಲ್ಕರ ಮಾತು. ನಮ್ಮ ಮನೆ ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ. ನನ್ನ ಯಜಮಾನರು ಬದರಿನಾಥ ರಿಟೈರಾದ ಮೇಲೆ ಎಲ್ಲರ ಹಾಗೆ ಪಾರ್ಕಿನ ಬೆಂಚು ಹಿಡಿಯಲಿಲ್ಲ, ಕಂಪ್ಯೂಟರಿನ ಲಿನಕ್ಸ್ ಹಿಡಿದರು. ನಮ್ಮ ಮದುವೆ ಫೋಟೋಗೆ ಬೂಷ್ಟು ಬಂದು ನನ್ನ ಮುಖದ ಮೇಲೆ ಬಿಳಿ ಕಲೆಯಾಗಿತ್ತು. ಸ್ಟುಡಿಯೋಗೆ ಕೊಟ್ಟಿದ್ದರೆ ಎರಡು ದಿನದ ಕೆಲಸ. ಇವರು ಬಿಡಬೇಕಲ್ಲ. ಚಿತ್ರ ತಿದ್ದುವ ಗಿಂಪ್ ಎಂಬ ತಂತ್ರಾಂಶವಿದೆಯಂತೆ, ಅದರ ಹೊಸ ಆವೃತ್ತಿಯ ಮೂಲ ಕೋಡನ್ನು ಯಾರು ಬೇಕಾದರೂ ತಂದು ಮನೆಯಲ್ಲೇ ಕಂಪೈಲ್ ಮಾಡಿಕೊಳ್ಳಬಹುದಂತೆ. ಅಂಗಡಿಯ ಹಿಟ್ಟು ತರುವ ಬದಲು ಅಕ್ಕಿ ತಂದು ಬೀಸಿಕೊಂಡ ಹಾಗೆ ಎಂದು ನನಗೆ ವಿವರಿಸಿದರು. ಆ ಬೀಸುವುದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೊಂದು ಬೇಕು ಎಂದು ಸೀಡಿಗಳನ್ನು ಹೊತ್ತು ತರುವುದರಲ್ಲೇ ಮೂರು ವಾರ ಕಳೆಯಿತು.

ಆಯುಧಪೂಜೆಯ ಬೆಳಿಗ್ಗೆ ಕಡೆಯ ಕಂಪೈಲ್ ಶುರು ಮಾಡಿ ಸ್ನಾನಕ್ಕೆ ಹೋದರು. ಹಳೆಯ ಮೆಷೀನು, ಐದಾರು ಗಂಟೆ ಹಿಡಿಯುತ್ತದೆ ಎಂದಿದ್ದರು. ಆದರೆ ನಮ್ಮಲ್ಲಿ ಪೂಜೆಗಿಟ್ಟ ಆಯುಧವನ್ನು ಅವತ್ತು ಬಳಸುವ ಹಾಗಿಲ್ಲ. ಈಳಿಗೆಮಣೆ, ಹೊಲಿಗೆ ಯಂತ್ರ, ಸ್ಕೂಟರ್ ಎಲ್ಲಕ್ಕೂ ರಜೆ. ರಾಹುಕಾಲ ಬೇರೆ ಹತ್ತಿರವಾಗುತ್ತಿತ್ತು. ನಾನು ಗೋಡೆಯ ಸ್ವಿಚ್ ಆರಿಸಿ, ಡಬ್ಬಕ್ಕೆ ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟೆ.

ಅವರು ಒದ್ದೆ ಟವೆಲ್ಲಿನಲ್ಲೇ ಬಂದು ಕಪ್ಪು ಪರದೆ ನೋಡಿದರು.

"ಮೂವತ್ತು ವರ್ಷದಲ್ಲಿ ನಾನು ಶುರು ಮಾಡಿದ್ದು ಒಂದನ್ನಾದ್ರೂ ಮುಗಿಸೋಕೆ ಬಿಟ್ಟಿದ್ದೀಯೇನೇ?"

ದೇವರಿಗಿಂತ ನಿಮ್ಮ ಡಬ್ಬ ಹೆಚ್ಚಾಯಿತೇ ಎಂದು ನಾನೂ ಬಿಡಲಿಲ್ಲ. ಊಟಕ್ಕೆ ಕೂತಾಗ ಒಬ್ಬಟ್ಟಿನ ಮೊದಲ ತುತ್ತು ಕೈಯಲ್ಲಿದ್ದ ಹಾಗೇ ಬಲಕ್ಕೆ ವಾಲಿ ಬಿದ್ದರು. ಆ ಜಗಳದ ಮಾತೇ ಅವರ ಕೊನೆಯ ಮಾತಾಯಿತು. ಅದು ಪಾರ್ಶ್ವವಾಯು, ಬಿಪಿಯಿಂದ ಆದದ್ದು, ನಿಮ್ಮಿಂದಲ್ಲ ಎಂದು ಡಾಕ್ಟರು ಹೇಳಿದರು. ನಾನು ನಂಬಲಿಲ್ಲ, ಈಗಲೂ ನಂಬುವುದಿಲ್ಲ.

ಬಲಗೈ, ಬಲಗಾಲು, ಮಾತು ಹೋದವು. ಬುದ್ಧಿಗೆ ತಿಳಿಯುತ್ತಿದೆಯೋ ಇಲ್ಲವೋ ಹೇಳಲಾಗದು, ಖಚಿತವಾದ ಒಂದು ಸೂಚನೆ ಸಿಕ್ಕರೆ ಆಸೆ ಇಟ್ಟುಕೊಳ್ಳಬಹುದು ಎಂದರು. ಆ ಒಂದು ಸೂಚನೆಗಾಗಿ ಎರಡು ತಿಂಗಳು ಕಾದೆ. ಕೂಗಿದೆ, ಬೈದೆ, ಅತ್ತೆ. ಅವರ ಕಣ್ಣು ಫ್ಯಾನಿನಿಂದ ಇಳಿಯಲಿಲ್ಲ. ಎತ್ತಿ ಇಳಿಸಿ ನನ್ನ ಸೊಂಟ ಬಿದ್ದುಹೋಯಿತು. ಗಿರಿನಗರದಲ್ಲಿರುವ ನನ್ನ ತಂಗಿ ವಾರಿಜಾ ಹುಳಿಮಾವಿನಾಚೆ ಒಂದು ಆರೈಕೆ ಮನೆ ನೋಡಿದಳು. ಬುಧವಾರ ಅವರ ಮಂಚದ ಪಕ್ಕದ ಫೋನಿನಲ್ಲೇ ನಾನು ಒಪ್ಪಿಗೆ ಕೊಟ್ಟೆ. ಸೋಮವಾರ ಬೆಳಿಗ್ಗೆ ವ್ಯಾನ್ ಬರುವುದಿತ್ತು.

ಶನಿವಾರ ಮಧ್ಯಾಹ್ನ ಅವರ ಬಟ್ಟೆ ಮಡಿಸಿಡುತ್ತಿದ್ದಾಗ ಅವರ ನೋಟ್‌ಬುಕ್ ಸಿಕ್ಕಿತು. ಪ್ರತಿಯೊಂದು ಹೆಜ್ಜೆಯನ್ನೂ ಬರೆದಿದ್ದರು. ಮುಗಿದದ್ದಕ್ಕೆಲ್ಲ ಟಿಕ್, ಬೀಸಲು ಹೇಳುವ 'ಮೇಕ್' ಎಂಬ ಒಂದು ಸಾಲಿಗೆ ಮಾತ್ರ ಇಲ್ಲ. ಇವರು ಹೋಗುವುದರೊಳಗೆ ಆ ಟಿಕ್ ಒಂದಾದರೂ ಬೀಳಲಿ ಎನ್ನಿಸಿತು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟಾಗಿದ್ದವಳು ನಾನು, ಬರೆದದ್ದನ್ನು ನೋಡಿ ಕುಟ್ಟುವುದು ಕಷ್ಟವಲ್ಲ. ಅವರ ಮಂಚದ ಎದುರಿಗಿದ್ದ ಕಂಪ್ಯೂಟರ್ ಹಾಕಿ, ಅವರು ಬರೆದ ಹಾಗೇ ಕುಟ್ಟಿದೆ.

ಎಲ್ಲ ಮೊದಲಿನಿಂದ ಶುರುವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅವತ್ತು ಮುಗಿದಿದ್ದದ್ದು ಮುಗಿದೇ ಇತ್ತು, ಅದನ್ನೆಲ್ಲ ದಾಟಿಕೊಂಡು ಮುಂದಿನ ಕೆಲಸಕ್ಕೆ ಕೈ ಹಾಕಿತು. ನಾನು ಕೆಡಿಸಿಯೇ ಇರಲಿಲ್ಲವೇ? ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.

ಅರ್ಧ ಗಂಟೆಯ ಮೇಲೆ ಅದು ನಿಂತಿತು. 'ಗಿಂಪ್‌ಕ್ಲೋನ್ ಡಾಟ್ ಓ' ಎಂಬ ಫೈಲು ತುಂಡಾಗಿದೆ ಎಂದು ಇಂಗ್ಲಿಷಿನಲ್ಲಿ ಬಂತು. ಮತ್ತೆ ಕುಟ್ಟಿದೆ, ಅದೇ. ಮತ್ತೆ, ಅದೇ. ನಾನು ಸ್ವಿಚ್ ಆರಿಸಿದ ಗಳಿಗೆಯಲ್ಲಿ ಬೀಸುತ್ತಿದ್ದದ್ದು ಅದೇ ಇರಬೇಕು. ಇನ್ನು ಇದೂ ಆಗುವುದಿಲ್ಲ, ಸೋಮವಾರವೂ ತಪ್ಪುವುದಿಲ್ಲ ಎಂದು ಕೈ ಚೆಲ್ಲಿದೆ. ಹೊಟ್ಟೆಯುರಿಗೆ ಆ ಸಾಲನ್ನು ಜೋರಾಗಿ ಓದಿ, ನಿಮ್ಮ ಗಿಂಪಿಗಿಷ್ಟು ಬೆಂಕಿ ಹಾಕ ಎಂದು ಬೈದೆ.

ಹಿಂದೆ ಹೊದಿಕೆ ಸರಿದ ಸದ್ದಾಯಿತು. ಅವರ ಎಡಗೈ ಸ್ಲೇಟು ಒರೆಸುವ ಹಾಗೆ ಹಾಸಿಗೆಯ ಮೇಲೆ ಆಚೆಯಿಂದ ಈಚೆಗೆ ಹೋಗುತ್ತಿತ್ತು. ಕಣ್ಣು ಫ್ಯಾನಿನ ಮೇಲಿರಲಿಲ್ಲ, ಪರದೆಯ ಮೇಲಿತ್ತು.

ಅಳಿಸು ಎನ್ನುತ್ತಿದ್ದಾರೆಯೇ? ಕೈ ಸುಮ್ಮನೆ ಅದುರುವುದೂ ಉಂಟು ಎಂದು ಡಾಕ್ಟರು ಹೇಳಿದ್ದರು. ಹತ್ತಿರ ಹೋಗಿ, ಹೌದಾದರೆ ಒಂದು ಬೆರಳು ಎತ್ತಿ ಎಂದೆ. ಬೇಕೆಂದೇ ಮೊದಲು ತಪ್ಪಾಗಿ ಕೇಳಿದೆ.

"ಎಲ್ಲಾನೂ ಅಳಿಸಿ ಮೊದಲಿಂದ ಮಾಡ್ಲಾ?"

ಬೆರಳು ಅಲುಗಲಿಲ್ಲ.

"ಅದೊಂದನ್ನೇ ಅಳಿಸ್ಲಾ ರೀ?"

ತೋರುಬೆರಳು ಮೇಲೆದ್ದಿತು.

ಅಳಿಸುವ ಆಜ್ಞೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿತ್ತು. ಮೂರು ಸಲ ತಪ್ಪು ಕುಟ್ಟಿದೆ. ಆ ಫೈಲು ಹೋಯಿತು. ಮೇಕ್ ಎಂದೆ. ಅದೊಂದನ್ನು ಹೊಸದಾಗಿ ಬೀಸಿಕೊಂಡು ಕಂಪ್ಯೂಟರ್ ಮುಂದಕ್ಕೆ ಹೋಯಿತು, ಅಕ್ಷರಗಳು ಓಡತೊಡಗಿದವು. ಇವರಿಗೆ ಎಲ್ಲ ತಿಳಿಯುತ್ತದೆ! ವ್ಯಾನ್ ಬೇಡವೆನ್ನಲು ಫೋನಿಗೆ ಹಾರಿದೆ, ವಾರಿಜಳ ನಂಬರಿನ ಅರ್ಧ ಒತ್ತಿದೆ.

ರಿಸೀವರ್ ಕಿವಿಯಲ್ಲಿದ್ದ ಹಾಗೇ ಬುಧವಾರ ನೆನಪಾಯಿತು. ಇದೇ ಜಾಗದಲ್ಲಿ ನಿಂತು, ಇದೇ ರಿಸೀವರ್ ಹಿಡಿದು ಅವಳಿಗೆ ಹೇಳಿದ್ದೆ: "ಅವರಿಗೇನು ತಿಳಿಯುತ್ತೆ ಬಿಡೇ. ಅವರು ಹೋಗಿ ಎರಡು ತಿಂಗಳಾಯ್ತು, ಇದು ಬರೀ ದೇಹ. ದೇವರು ಬೇಗ ಕರ್ಕೊಂಡ್ರೆ ನಾನು ಬದುಕಿಕೊಂಡೆ."

ಫೋನಿಟ್ಟೆ. ಅವರು ನನ್ನನ್ನೇ ನೋಡುತ್ತಿದ್ದರು. ಕೇಳದೇ ಇದ್ದುಬಿಡಬಹುದಿತ್ತು. ನನ್ನ ಕೈಲಿ ಆಗಲಿಲ್ಲ.

"ಬುಧವಾರ ನಾನು ವಾರಿಜಂಗೆ ಹೇಳಿದ್ದು ನಿಮಗೆ ಕೇಳಿಸ್ತಾ?"

ಬೆರಳು ಮೇಲೆದ್ದಿತು. ಸಾಕು ರೀ, ಇಳಿಸಿ ಎಂದೆ. ಅವರು ಇಳಿಸಲಿಲ್ಲ.