ಒಂಬತ್ತು ವರ್ಷದ ಅಮ್ಮ

ಬೀಗ ರಿಪೇರಿ ಮಾಡುವ ಅವರನ್ನು ಬೀದಿಯವರೆಲ್ಲ ‘ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ; ಪಾಠ ಮಾಡದೆ ಯಾರನ್ನೂ ಬಿಟ್ಟವರೂ ಅಲ್ಲ. ಕೀಲಿ ಕಳೆದುಕೊಂಡು ಬಾಗಿಲ ಹೊರಗೆ ನಿಂತವರಿಗೆ ಮೊದಲು ಕಾಲು ಗಂಟೆ ಬುದ್ಧಿವಾದ, ಆಮೇಲೆ ಎರಡು ನಿಮಿಷದ ಕೆಲಸ. ಹೂಕುಂಡದ ಕೆಳಗೆ ಕೀಲಿ ಇಟ್ಟು ಹೋಗುವವರನ್ನು ಕಂಡರಂತೂ ಮೈಯೆಲ್ಲ ಉರಿ.

“ಗಿಡಕ್ಕೆ ನೀರು ಹಾಕೋದನ್ನ ನೀವು ಮರೀತೀರಿ. ಕುಂಡ ಎತ್ತಿ ನೋಡೋದನ್ನ ಕಳ್ಳ ಮರೆಯಲ್ಲ,” ಎನ್ನುತ್ತಿದ್ದರು.

ಅವರ ಬಳಿ ಒಂದು ಕಥೆಯಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಯಜಮಾನರು ತುಕ್ಕು ಹಿಡಿದ ಒಂದು ಕಬ್ಬಿಣದ ಬೀರುವಿನ ಮುಂದೆ ನಿಲ್ಲಿಸಿ, ಕೈಗೊಂದು ಬಗ್ಗಿಸಿದ ತಂತಿ ಕೊಟ್ಟು, ಜೇಬುಗಡಿಯಾರ ಹಿಡಿದು ಕೂತರಂತೆ. ಇವರು ಬೀಗ ತೆಗೆದರಂತೆ. ಎಷ್ಟು ನಿಮಿಷದಲ್ಲಿ ಎನ್ನುವುದೇ ಕಥೆಯ ಜೀವ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೇಳಿದಾಗ ಅದು ಇಪ್ಪತ್ತು ನಿಮಿಷ ಇತ್ತು. ಮಗಳು ಹುಟ್ಟುವ ಹೊತ್ತಿಗೆ ಹನ್ನೆರಡಕ್ಕೆ ಇಳಿದಿತ್ತು. ಈಗ ಆ ಮಗಳಿಗೆ ಹನ್ನೊಂದು ವರ್ಷ. ಬೀಗ ಏಳು ನಿಮಿಷಕ್ಕೆ ತೆರೆದುಕೊಳ್ಳುತ್ತಿತ್ತು. ಊಟಕ್ಕೆ ಕೂತಾಗಲೆಲ್ಲ ಈ ಕಥೆ ಬಡಿಸುವುದು ಅವರ ಕೆಲಸ, ಹೂಂಗುಟ್ಟುವುದು ಹೆಂಡತಿಯ ಕೆಲಸ. ಹನ್ನೆರಡು ವರ್ಷ ಹೂಂಗುಟ್ಟಿದವಳಿಗೆ ಹೂಂ ಅನ್ನುತ್ತಲೇ ಮನಸ್ಸಿನಲ್ಲಿ ರವಿಕೆಯ ಅಳತೆ ಹಾಕುವುದು ಕರಗತವಾಗಿತ್ತು.

ಯಾಕೆಂದರೆ ಅವಳು ಹೊಲಿಗೆಯವಳು. ಈಚೆಗೆ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಅಳತೆಗಿಂತ ದೊಡ್ಡದು. ಹೊಲಿಗೆ ತರಬೇತಿ ಕೇಂದ್ರದಲ್ಲಿ ಶಿಕ್ಷಕಿಯಾಗಬೇಕೆಂದರೆ ಒಂದು ಪರೀಕ್ಷೆ ಬರೆಯಬೇಕಿತ್ತು. ಮನೆಯಲ್ಲೇ, ಕ್ಯಾಮೆರಾ ಇರುವ ಕಂಪ್ಯೂಟರ್ ಮುಂದೆ ಕೂತು. ವರ್ಷಕ್ಕೆ ಒಂದೇ ಸಲ. ಬುಧವಾರ ಮೂರು ಗಂಟೆಗೆ ಶುರು. ಮೂರೂ ಕಾಲು ದಾಟಿದರೆ ಒಳಗೆ ಬಿಡುವುದಿಲ್ಲ. ಆರು ತಿಂಗಳಿಂದ ಒಲೆಯ ಪಕ್ಕ, ಬಟ್ಟೆ ಒಣಹಾಕುವ ಹಗ್ಗದ ಪಕ್ಕ, ಮಗಳ ಹೋಂವರ್ಕ್ ಪಕ್ಕ ಪುಸ್ತಕ ಇಟ್ಟುಕೊಂಡು ಓದಿದ್ದಳು.

ಮಂಗಳವಾರ ಸಂಜೆ ಮೇಷ್ಟ್ರು ಗಂಭೀರ ಮುಖ ಹೊತ್ತು ಮನೆಗೆ ಬಂದರು. ಯಾರೋ ಗಿರಾಕಿ, ಈಗಿನ ಮಕ್ಕಳು ಕಂಪ್ಯೂಟರಿನಿಂದ ಹಾಳಾಗುವ ಬಗೆಯನ್ನು ಎಳೆ ಎಳೆಯಾಗಿ ಬಿಡಿಸಿ ಹೇಳಿದ್ದನಂತೆ.

“ಚೂಟಿ ಕಂಪ್ಯೂಟರಲ್ಲಿ ಏನು ನೋಡ್ತಾಳೆ?” ಎಂದು ಕೇಳಿದರು. ಚೂಟಿ ಎಂದರೆ ಮಗಳು. ಹೆಸರಿಗೆ ತಕ್ಕ ಹಾಗೇ ಇದ್ದಳು.

“ಬೆಕ್ಕು,” ಅಂದಳು ಚೂಟಿ.

“ಬೆಕ್ಕು ಏನು ಮಾಡ್ತಿರುತ್ತೆ?”

“ನಿದ್ದೆ.”

ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಯಾವುದೋ ದೇಶದವನು ಯಾವುದೋ ಬೀಗ ತೆಗೆಯುವುದನ್ನು ದಿನಕ್ಕೆ ಮೂರು ಗಂಟೆ ಕಣ್ಣು ಮಿಟುಕಿಸದೆ ನೋಡುವ ಮನುಷ್ಯ, ಮಲಗಿದ ಬೆಕ್ಕಿನಿಂದ ಮಗಳನ್ನು ಕಾಪಾಡಲು, ಮನೆಯ ಕಂಪ್ಯೂಟರಿಗೂ ಫೋನಿಗೂ ಮಕ್ಕಳ ಬೀಗ ಹಾಕುವುದೆಂದು ಕುರ್ಚಿ ಎಳೆದುಕೊಂಡು ಕೂತರು. ಅಭ್ಯಾಸಬಲದಿಂದ ಪಕ್ಕದಲ್ಲಿ ಸ್ಕ್ರೂಡ್ರೈವರ್ ಡಬ್ಬಿಯೂ ಬಂತು.

“ಬೀಗ ಅಂದಮೇಲೆ ಒಬ್ಬನೇ ಯಜಮಾನ ಇರಬೇಕು,” ಎಂದು ಪಾಠ ಶುರುವಾಯಿತು. ಅಮ್ಮ ಒಳಗೆ ಒಣಗಿದ ಬಟ್ಟೆ ಮಡಿಸುತ್ತ ಹೂಂ ಅಂದಳು. ಆ ಒಂದು ಹೂಂ ಅನ್ನದೆ ಎದ್ದು ಬಂದು ನೋಡಿದ್ದರೆ ಚೆನ್ನಾಗಿತ್ತು.

ಬುಧವಾರ ಚೂಟಿಗೆ ಅರ್ಧ ದಿನದ ಶಾಲೆ. ಅಮ್ಮ ಪಾತ್ರೆ ತೊಳೆದು, ಸೀರೆ ಬದಲಿಸಿ, ತಲೆ ಬಾಚಿ, ಮೂರಕ್ಕೆ ಹತ್ತು ನಿಮಿಷ ಇರುವಾಗ ಕಂಪ್ಯೂಟರ್ ಹಾಕಿದಳು. ಪರದೆಯ ಮೇಲೆ ಟೊಪ್ಪಿ ಹಾಕಿಕೊಂಡ ಒಂದು ಕರಡಿ ಬಂದು ಕೈಬೀಸಿತು. ‘ಪುಟಾಣಿ, ನಿನ್ನ ಸಮಯ ಸಂಜೆ ಆರರಿಂದ ಏಳು. ಈಗ ಬೇಕಿದ್ದರೆ ನಿನ್ನ ಪೋಷಕರನ್ನು ಕೇಳು.’

“ಚೂಟಿ, ಇಲ್ಲಿ ನಿನ್ನ ಖಾತೆ ತೆರೆದುಕೊಂಡಿದೆ ನೋಡು.”

ಚೂಟಿ ಬಂದು ನೋಡಿದಳು. “ನನ್ನದಲ್ಲಮ್ಮ. ನನ್ನದರಲ್ಲಿ ಮೊಲ ಬರುತ್ತೆ, ದೊಡ್ಡ ಮಕ್ಕಳಿಗೆ. ಕರಡಿ ಹತ್ತು ವರ್ಷದೊಳಗಿನವರಿಗೆ.”

“ಅಂದ್ರೆ?”

“ಅಪ್ಪ ನಿನ್ನನ್ನೂ ಮಕ್ಕಳ ಪಟ್ಟಿಗೆ ಸೇರಿಸಿದ್ರು. ಇವರು ವಯಸ್ಕರು, ಮಗು ಅಂತ ಸೇರಿಸೋಕಾಗಲ್ಲ ಅಂತ ಕಂಪ್ಯೂಟರ್ ಎರಡು ಸಲ ಹೇಳ್ತು. ಅದಕ್ಕೆ ವಯಸ್ಸು ಒಂಬತ್ತು ಅಂತ ಹಾಕಿದ್ರು.”

“ಯಾಕಂತೆ?”

“ಪೋಷಕರಾದ್ರೆ ದಿನಾ ಏನೇನೋ ಸೂಚನೆ ಬರುತ್ತಂತೆ. ನಿನಗೆ ಸುಮ್ನೆ ತಲೆನೋವು ಯಾಕೆ ಅಂದ್ರು.” ಚೂಟಿ ಬೆರಳು ಮಡಿಸಿ ಎಣಿಸಿದಳು. “ಲೆಕ್ಕ ಹಿಡಿದ್ರೆ ನೀನು ನನ್ನನ್ನ ಅಕ್ಕ ಅನ್ನಬೇಕು.”

ಅಮ್ಮನಿಗೆ ನಗು ಬರಲಿಲ್ಲ. ಅವಳನ್ನು ಮಗು ಅನ್ನಲು ಯಂತ್ರ ಕೂಡ ಎರಡು ಸಲ ಸಂಕೋಚಪಟ್ಟಿತ್ತು. ಆ ಸಂಕೋಚವನ್ನೂ ಗಂಡ ಬಿಡಿಸಿದ್ದ. ಹಾಗೆಂದು ಸಿಟ್ಟು ಮಾಡಿಕೊಳ್ಳುವಷ್ಟು ಹೊತ್ತೂ ಇರಲಿಲ್ಲ. ‘ಪೋಷಕರನ್ನು ಕೇಳು’ ಎಂಬ ಗುಂಡಿ ಒತ್ತಿ, ಮೇಷ್ಟ್ರಿಗೆ ಫೋನ್ ಹಚ್ಚಿದಳು. ಅವರು ಒಂದು ಬ್ಯಾಂಕಿನ ನೆಲಮಾಳಿಗೆಯಲ್ಲಿ, ಕಚ್ಚಿಕೊಂಡ ಉಕ್ಕಿನ ಬಾಗಿಲ ಮುಂದೆ ಕೂತಿದ್ದರು. ಫೋನ್ ಗೇಟಿನ ಕಾವಲುಗಾರನ ಬಳಿ ಇತ್ತು.

“ಐದಕ್ಕೆ ಹೊರಗೆ ಬರ್ತಾರಮ್ಮ, ಅಲ್ಲಿವರೆಗೆ ಒಳಗೆ ಯಾರನ್ನೂ ಬಿಡಲ್ಲ,” ಅಂದ ಕಾವಲುಗಾರ. “ಅಂದಹಾಗೆ, ಯಾವುದೋ ಮಗು ಅನುಮತಿ ಕೇಳ್ತಿದೆ ಅಂತ ಇದರಲ್ಲಿ ಒಂದೇ ಸಮ ಬರ್ತಿದೆ. ನಿಮ್ಮ ಮನೆ ಮಗುನಾ?”

“ನಾನೇ ಆ ಮಗು. ನೀವೇ ಒತ್ತಿಬಿಡಿ ಅಣ್ಣ, ಹೂಂ ಅಂತ.”

“ಒತ್ತಬಹುದಿತ್ತು. ಅವರ ಹೆಬ್ಬೆರಳು ಕೇಳ್ತಿದೆಯಲ್ಲ.”

ಫೋನ್ ಇಟ್ಟಾಗ ಮೂರು ಹೊಡೆಯುವುದರಲ್ಲಿತ್ತು. ಆರು ತಿಂಗಳ ಓದು ಟೊಪ್ಪಿ ಹಾಕಿದ ಕರಡಿಯ ಹಿಂದೆ ಸಿಕ್ಕಿಕೊಂಡಿತ್ತು. ಚೂಟಿ ತುಸು ಹೊತ್ತು ಅಮ್ಮನ ಮುಖ ನೋಡಿ, ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ‘ಗುಪ್ತಪದ ಮರೆತಿರಾ?’ ಎಂಬುದರ ಮೇಲೆ ಬೆರಳಿಟ್ಟಳು.

ಮರೆತವರಿಗೆ ಒಂದು ಪ್ರಶ್ನೆಯಿತ್ತು. ಮೇಷ್ಟ್ರು ಸ್ವತಃ ಬರೆದದ್ದು: ‘ನಾನು ಮೊದಲ ಬೀಗವನ್ನು ಎಷ್ಟು ನಿಮಿಷದಲ್ಲಿ ತೆಗೆದೆ?’ ಮೂರು ಅವಕಾಶ. ತಪ್ಪಿದರೆ ಒಂದಿಡೀ ದಿನ ಬಂದ್.

ಅಮ್ಮ ಹಣೆ ಒತ್ತಿಕೊಂಡಳು. ಊರಿಗೆಲ್ಲ ಹೂಕುಂಡದ ಪಾಠ ಹೇಳುವ ಮನುಷ್ಯ ತನ್ನ ಕೀಲಿಯನ್ನು ದಿನಾ ಊಟದ ತಟ್ಟೆಯ ಪಕ್ಕ ಇಟ್ಟು ಎದ್ದುಹೋಗುತ್ತಿದ್ದ.

“ಏಳು,” ಅಂದಳು ಚೂಟಿ, ಯೋಚಿಸದೆ. ಏಳು ಹಾಕಿದರು. ಕರಡಿ ತಲೆ ಅಲ್ಲಾಡಿಸಿತು.

“ನಿಮ್ಮಪ್ಪ ನನಗೆ ಹೇಳಿದ್ದು ಇಪ್ಪತ್ತು.” ಇಪ್ಪತ್ತು ಹಾಕಿದರು. ಕರಡಿ ಇನ್ನೂ ಹೆಚ್ಚು ದುಃಖದಿಂದ ತಲೆ ಅಲ್ಲಾಡಿಸಿತು. ಮೂರು ಗಂಟೆ ನಾಲ್ಕು ನಿಮಿಷ.

“ಹನ್ನೆರಡು ಹಾಕಮ್ಮ. ಅಜ್ಜಿಗೆ ಹನ್ನೆರಡು ಅಂತ ಹೇಳಿದ್ರಂತೆ.”

“ತಡಿ.”

ಅಮ್ಮ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಹೆಂಡತಿಗೊಂದು, ಅಜ್ಜಿಗೊಂದು, ಮಗಳಿಗೊಂದು. ಕೇಳುವವರ ಮುಖ ನೋಡಿ ಹೇಳುವ ಲೆಕ್ಕ ಅದು. ಇಲ್ಲಿ ಕೇಳಿದ್ದು ಯಾರು? ಬಾಯಿಬಿಟ್ಟು ಭಲೇ ಅನ್ನಲು ಎದುರಿಗೆ ಯಾರೂ ಇಲ್ಲದಾಗ ಆ ಮನುಷ್ಯ ಏನು ಬರೆದಾನು?

ಚೂಟಿ ತೊಟ್ಟಿಲಲ್ಲಿದ್ದಾಗ ಒಮ್ಮೆ ಮೇಷ್ಟ್ರಿಗೆ ಜೋರು ಜ್ವರ ಬಂದಿತ್ತು. ಮೂರು ದಿನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು. ಮೂರನೇ ದಿನ ಕಣ್ಣು ಮುಚ್ಚಿಕೊಂಡೇ ಬಡಬಡಿಸಿದ್ದರು: ತೊಂಬತ್ತೈದು ನಿಮಿಷ ಆಯ್ತು ಯಜಮಾನ್ರೇ, ಕೈ ನಡುಗ್ತಿದೆ, ನಗಬೇಡಿ, ನಾಳೆಯಿಂದ ಬೇಗ ತೆಗೀತೀನಿ. ಅವಳು ಒದ್ದೆ ಬಟ್ಟೆ ಬದಲಿಸಿದ್ದಳು. ಆ ಮಾತನ್ನು ಜ್ವರ ಇಳಿದ ಮೇಲೆ ಅವರಿಗೂ ಹೇಳಿರಲಿಲ್ಲ, ಜಗಳವಾಡಿದ ದಿನವೂ ಎತ್ತಿರಲಿಲ್ಲ.

“ಚೂಟಿ, ಆ ಕಡೆ ತಿರುಗು.”

“ಯಾಕೆ?”

“ತಿರುಗೇ ಅಂದ್ರೆ ತಿರುಗಬೇಕು. ವಯಸ್ಸಲ್ಲಿ ಚಿಕ್ಕವಳಾದ್ರೂ ನಾನು ನಿನ್ನ ತಾಯಿ.”

ಚೂಟಿ ಗೋಡೆಗೆ ಮುಖ ಮಾಡಿದಳು. ಅಮ್ಮ ಎರಡು ಅಂಕಿ ಒತ್ತಿದಳು. ಕರಡಿ ಟೊಪ್ಪಿ ತೆಗೆದು, ಬಗ್ಗಿ ನಮಸ್ಕಾರ ಮಾಡಿತು.

ಹೊಸ ಗುಪ್ತಪದ ಹಾಕಿ, ತನ್ನನ್ನು ತಾನು ದೊಡ್ಡವಳನ್ನಾಗಿ ಮಾಡಿಕೊಂಡು, ಅವಳು ಪರೀಕ್ಷೆಯ ಒಳಗೆ ಹೋದಾಗ ಮೂರು ಗಂಟೆ ಎಂಟು ನಿಮಿಷ. ಮುಂದಿನ ಎರಡು ಗಂಟೆ ತೋಳು, ಕೊರಳು, ನೆರಿಗೆ ಬಿಟ್ಟು ಬೇರೆ ಏನೂ ಅವಳ ತಲೆಯಲ್ಲಿರಲಿಲ್ಲ. ಎಲ್ಲ ಪ್ರಶ್ನೆಗೂ ಉತ್ತರಿಸಿ, ಒಂದನ್ನು ತಿದ್ದಿ, ಕಳಿಸಿ, ಬೆನ್ನು ನೆಟ್ಟಗೆ ಮಾಡಿದಳು. ಏಳುವ ಮುನ್ನ ಇನ್ನೊಂದು ಸಣ್ಣ ಕೆಲಸ ಮುಗಿಸಿದಳು.

ಮೇಷ್ಟ್ರು ಮನೆಗೆ ಬಂದದ್ದು ಆರು ಗಂಟೆಗೆ, ಫೋನನ್ನು ಮುಖದ ಹತ್ತಿರ ಹಿಡಿದುಕೊಂಡು.

“ಇವಳೇ, ಇದರಲ್ಲಿ ಏನೋ ಆಗಿದೆ. ಬೀಗದ ವಿಡಿಯೊ ಹಾಕಿದ್ರೆ ಮೊಲ ಬರ್ತಿದೆ. ಪೋಷಕರನ್ನ ಕೇಳು ಅಂತಿದೆ.”

“ಕೇಳಿ ಮತ್ತೆ.”

“ಯಾರನ್ನ?”

ಅಮ್ಮ ಚಹಾದ ಲೋಟ ಮುಂದಿಟ್ಟಳು. “ಒಂಬತ್ತು ವರ್ಷದವಳು ಅಡುಗೆ ಮಾಡಬಹುದು, ಬಟ್ಟೆ ಒಗೀಬಹುದು, ನಿಮ್ಮ ಕಥೆಗೆ ಹೂಂಗುಟ್ಟಬಹುದು. ಪರೀಕ್ಷೆ ಮಾತ್ರ ಬರೆಯಬಾರದು ಅಂತ ಈ ಮಧ್ಯಾಹ್ನ ಗೊತ್ತಾಯ್ತು. ಅದಕ್ಕೆ ಪಟ್ಟಿ ಸರಿಮಾಡಿದೆ.”

ಮೇಷ್ಟ್ರ ಕಣ್ಣು ಗಡಿಯಾರದ ಕಡೆ ಹೋಗಿ, ಅಲ್ಲಿಂದ ಗೋಡೆಯ ಕ್ಯಾಲೆಂಡರಿನ ಬುಧವಾರಕ್ಕೆ ಹೋಗಿ, ನೆಲಕ್ಕೆ ಬಿತ್ತು. “ಪರೀಕ್ಷೆ... ಬರೆದೆಯಾ?”

“ಬರೆದೆ.”

“ನನ್ನ ವಯಸ್ಸು ಎಷ್ಟು ಹಾಕಿದೀಯ?”

“ಹತ್ತು. ಗಂಡ ಅಂತ ಒಂದು ವರ್ಷ ಜಾಸ್ತಿ ಕೊಟ್ಟಿದೀನಿ. ಮೊಲ ಸಿಕ್ಕಿದ್ದು ಅದಕ್ಕೇ.”

ಒಳಗಿನಿಂದ ಚೂಟಿಯ ನಗು ಕೇಳಿಸಿತು. ಮೇಷ್ಟ್ರು ಲೋಟ ಎತ್ತಿದವರು ಕುಡಿಯದೆ ಇಳಿಸಿದರು. ಇನ್ನೊಂದು ವಿಷಯ ಈಗ ತಲೆಗೆ ಹೊಳೆದಿತ್ತು, ಕಿವಿ ಕೆಂಪಾಯಿತು.

“ಬೀಗ ಹೇಗೆ ತೆಗೆದೆ?”

“ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟೆ.”

ಮೇಷ್ಟ್ರು ಒಳಕೋಣೆಯ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿ ಕೇಳಿದರು: “ಚೂಟಿ ನೋಡಿದಳಾ?”

“ಗೋಡೆ ನೋಡ್ತಾ ಇದ್ದಳು.”

ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ತಾವೇ ಎದ್ದು ಲೋಟ ತೊಳೆದರು, ಯಾರೂ ಹೇಳದೆ ಅಮ್ಮನ ಪುಸ್ತಕಗಳನ್ನು ಒಲೆಯ ಪಕ್ಕದಿಂದ ತೆಗೆದು ಕಪಾಟಿನಲ್ಲಿ ಜೋಡಿಸಿದರು. ಆ ರಾತ್ರಿ ಊಟಕ್ಕೆ ಕೂತಾಗ ಕಥೆ ಬರಲಿಲ್ಲ. ತಟ್ಟೆಯ ಸದ್ದು ಬಿಟ್ಟು ಬೇರೇನೂ ಇಲ್ಲದ ಊಟ ಎಷ್ಟು ಬೇಗ ಮುಗಿಯುತ್ತದೆಂದು ಅಮ್ಮನಿಗೆ ಅಂದೇ ಗೊತ್ತಾದದ್ದು.

ಮರುದಿನ ತಂಗಿ ಫೋನ್ ಮಾಡಿದಳು. ಅಮ್ಮ ಬಟ್ಟೆ ಕತ್ತರಿಸುತ್ತ, ಫೋನನ್ನು ಭುಜಕ್ಕೆ ಒತ್ತಿಕೊಂಡು ಎಲ್ಲವನ್ನೂ ಹೇಳಿದಳು; ಜ್ವರದ ಮಾತೊಂದನ್ನು ಬಿಟ್ಟು. ಕರಡಿ, ಕಾವಲುಗಾರ, ಹೆಬ್ಬೆರಳು, ಮೂರು ಅವಕಾಶ.

“ಅಬ್ಬ, ಒಟ್ಟು ಎಷ್ಟು ಹೊತ್ತು ಹಿಡೀತಕ್ಕ?” ಅಂದಳು ತಂಗಿ.

ಹಿಡಿದದ್ದು ಹದಿನೆಂಟು ನಿಮಿಷ.

“ಒಂದು ಹತ್ತು ನಿಮಿಷ,” ಅಂದಳು ಅಮ್ಮ, ಮತ್ತು ಬಾಗಿಲಲ್ಲಿ ನಿಂತು ಹುಬ್ಬೇರಿಸಿದ ಚೂಟಿಯ ಕಡೆ ನೋಡದೆ ಕತ್ತರಿ ಆಡಿಸಿದಳು.